ಒರತೆಗೆ ಮುಚ್ಚಿದ ಮುಳ್ಳು

“ಗುರುಗಳೇ, ಅನ್ಯಾಯ ಕಂಡು ಮೈ ಉರಿದರೆ ಅದನ್ನು ನುಂಗಿಕೊಳ್ಳಬೇಕೋ, ಅಲ್ಲೇ ತೀರಿಸಿಬಿಡಬೇಕೋ?” ಎಂದು ಶಿಷ್ಯನೊಬ್ಬ ಕೇಳಿದ.

ಯಾರು ಮಾಡಿದ ಅನ್ಯಾಯ, ಎಲ್ಲಿ ಕಂಡೆ ಎಂದು ಗುರುಗಳು ವಿಚಾರಿಸಲಿಲ್ಲ. “ಕೂತುಕೋ” ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ನೇಮವಂತ. ವಾರದಲ್ಲಿ ಆರು ದಿನ ಅಂಗಡಿ, ಭಾನುವಾರ ನಡಿಗೆ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಯಾವುದಾದರೂ ಸಣ್ಣ ನಿಲ್ದಾಣದಲ್ಲಿ ಇಳಿಯುವುದು, ಹೊಳೆಯ ದಂಡೆ ಹಿಡಿದು ಮುಂದಿನ ನಿಲ್ದಾಣದವರೆಗೆ ನಡೆಯುವುದು, ಸಂಜೆಯ ಗಾಡಿಗೆ ಮನೆ ಸೇರುವುದು. ಅವನ ಜೊತೆ ಏಳೆಂಟು ಜನ ಬರುತ್ತಿದ್ದರು. ಹೊಳೆ ಕಂಡ ಕೂಡಲೇ ಅವನು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ. ನೀರಿದ್ದರೂ ಮುಗಿಯುತ್ತಿದ್ದ, ಬರೀ ಮರಳಿದ್ದರೂ ಮುಗಿಯುತ್ತಿದ್ದ.

ಅವನು ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಇನ್ನೊಂದು ಕಡೆ ಒಬ್ಬ ಧನಿಕ ಹೊಳೆದಂಡೆಯ ಕಾಲುದಾರಿಗೆ ಅಡ್ಡಲಾಗಿ ತಂತಿಬೇಲಿ ಎಳೆದಿದ್ದ. ದನ ನೀರಿಗೆ ಇಳಿಯುವ ಹಾಗಿರಲಿಲ್ಲ, ಹೆಂಗಸರು ಬಟ್ಟೆ ಒಗೆಯುವ ಹಾಗಿರಲಿಲ್ಲ. ಈ ವರ್ತಕನೇ ಕಚೇರಿ ಕಚೇರಿ ಅಲೆದ. ಎಂಟು ತಿಂಗಳು ಬಿಡದೆ ಅಲೆದು ಆ ಬೇಲಿ ಕೀಳಿಸಿದ. ಊರಿನವರು ಅವನಿಗೆ ಹಾರ ಹಾಕಿದರು. ಹಾರ ಎರಡು ದಿನಕ್ಕೆ ಒಣಗಿತು. ಹಾಕಿಸಿಕೊಂಡ ಕೊರಳು ಮಾತ್ರ ಹಾಗೇ ಚಾಚಿಕೊಂಡು ಉಳಿಯಿತು.

ಒಂದು ಬೇಸಿಗೆಯ ಭಾನುವಾರ ಅವರು ಬತ್ತಿದ ಹೊಳೆಯಲ್ಲಿ ನಡೆದು ಬಂದರು. ಮೂರು ಗಂಟೆ ನಡೆದರು. ಕೊನೆಗೆ ರೈಲು ಸೇತುವೆ ಕಣ್ಣಿಗೆ ಬಿತ್ತು. ಸೇತುವೆಯ ಆಚೆಗೇ ಅವರು ಹತ್ತಬೇಕಾದ ನಿಲ್ದಾಣ. ಸಂಜೆಯ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು.

ಅಲ್ಲಿ ಮರಳಿನ ನಡುವೆ ಒಂದು ಒರತೆ ಇತ್ತು. ಮೊಣಕಾಲುದ್ದದ ಗುಂಡಿ, ತಳದಲ್ಲಿ ತಿಳಿನೀರು. ಅದರ ಸುತ್ತ ಜಾಲಿಮುಳ್ಳು ಒತ್ತಿ, ಮೇಲೂ ಒಂದು ಮುಳ್ಳಿನ ಕೊಂಬೆ ಮುಚ್ಚಿದ್ದರು. ದಂಡೆಯ ಮೇಲೆ ಯಾರದೋ ತೋಟ, ಅದಕ್ಕೆ ತಂತಿಬೇಲಿ.

ವರ್ತಕ ತೋಟ ನೋಡಿದ, ಮುಳ್ಳು ನೋಡಿದ. ಅವನ ಮುಖ ಕೆಂಪಾಯಿತು.

“ನೋಡಿದಿರಾ ಇವರ ಸೊಕ್ಕು! ದಂಡೆ ಆಯಿತು, ಈಗ ಹೊಳೆಯೊಳಗಿನ ನೀರಿಗೂ ಬೇಲಿ. ಭೂಮಿತಾಯಿ ಕೊಟ್ಟ ನೀರಿಗೆ ಮುಳ್ಳು ಹಾಕುವವನ ಮನೆ ಉದ್ಧಾರವಾದೀತೇ?” ಎಂದ.

ಗುಂಪಿನಲ್ಲಿದ್ದ ಉಪಾಧ್ಯಾಯಿನಿಯೊಬ್ಬಳು, “ಅಲ್ಲಿ ದಂಡೆಯ ಮೇಲೆ ನಾಲ್ಕು ಮನೆ ಕಾಣುತ್ತಿವೆ. ಒಂದು ಮಾತು ಕೇಳಿ ಬರೋಣವೇ ಯಜಮಾನರೇ?” ಎಂದಳು.

“ಕಳ್ಳನ ಅಪ್ಪಣೆ ಪಡೆದು ಬೀಗ ತೆಗೆಯೋಣವೇನಮ್ಮ?” ಎಂದ ವರ್ತಕ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮುಳ್ಳನ್ನೆಲ್ಲ ಎಳೆದು ಹಾಕಿದರು. ನೀರು ಮೊಗೆದು ಕುಡಿದರು. ಮುಖ ತೊಳೆದರು, ಕಾಲು ತೊಳೆದರು. ಮುಳ್ಳು ಒಣಗಿತ್ತು, ಚೆನ್ನಾಗಿ ಉರಿಯುತ್ತಿತ್ತು. ಅದಕ್ಕೇ ಬೆಂಕಿ ಹಚ್ಚಿ, ಅದೇ ನೀರಿನಲ್ಲಿ ಕಾಫಿ ಕಾಸಿದರು. ಒಬ್ಬ ಹಾಳೆಯ ಮೇಲೆ ‘ಹೊಳೆ ಎಲ್ಲರದು’ ಎಂದು ದಪ್ಪಕ್ಷರದಲ್ಲಿ ಬರೆದು ಒರತೆಯ ಪಕ್ಕದಲ್ಲಿ ಕಡ್ಡಿಗೆ ಸಿಕ್ಕಿಸಿದ. ಆಮೇಲೆ ಸೇತುವೆಯ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದರು. ಉಂಡು ಅಲ್ಲೇ ಒರಗಿದರು.

ಅವರು ಕಣ್ಣು ಬಿಟ್ಟಾಗ ಒರತೆಯನ್ನು ತುಳಿಯುತ್ತ ಎರಡು ಎಮ್ಮೆ ನಿಂತಿದ್ದವು. ಕೊಡ ಹಿಡಿದ ಒಬ್ಬ ಮುದುಕಿ ಅವುಗಳನ್ನು ಕೂಗಿ ಓಡಿಸುತ್ತಿದ್ದಳು. ಎಮ್ಮೆ ದಂಡೆ ಹತ್ತಿ ಹೋದವು. ಗುಂಡಿಯಲ್ಲಿ ಉಳಿದದ್ದು ಕೆಸರು, ಸಗಣಿ, ಗಂಜಲ.

ವರ್ತಕ ಎದ್ದು ಹೋದ. ಮುದುಕಿ ಬೂದಿಯನ್ನೂ ನೋಡಿದಳು, ಅವನನ್ನೂ ನೋಡಿದಳು.

“ಮುಳ್ಳು ಸುಟ್ಟೋರು ನೀವೇನಾ ಸ್ವಾಮಿ?”

“ನೀರಿಗೆ ಬೇಲಿ ಹಾಕಿದ್ದರಲ್ಲ ತಾಯಿ...”

“ಬೇಲಿ ಹಾಕಿದ್ದು ಎಮ್ಮೆಗೆ! ಮನುಷ್ಯರಿಗೆ ಕೈ ಇದೆ, ಎತ್ತಿಟ್ಟು ನೀರು ಕುಡಿದು ಮತ್ತೆ ಮುಚ್ತಾರೆ ಅಂತ ಹಾಕಿದ್ದು. ಆ ಕಡೆ ಕುರಿ ಕಾಯೋರು ಕುಡೀತಾರೆ, ಲೈನಿನ ಕೆಲಸದೋರು ಕುಡೀತಾರೆ. ಒಬ್ಬರಾದರೂ ಮುಚ್ಚದೆ ಹೋದೋರಿಲ್ಲ. ಓದು ಬರಹ ಬಂದೋರು ಬಂದಿರೋದು ಇದೇ ಮೊದಲು ನೋಡಿ.”

ಮುದುಕಿ ಖಾಲಿ ಕೊಡವನ್ನು ಅವನ ಮುಂದಿಟ್ಟಳು.

“ಮನೇಲಿ ನನ್ನ ಮಗಳು ಐದು ದಿನದ ಬಾಣಂತಿ. ಊರ ಬೋರಿನ ನೀರು ಬರೀ ಉಪ್ಪು, ಕುಡಿದರೆ ಹೊಟ್ಟೆ ಕೆಡ್ತದೆ. ಈ ಒರತೆ ಬೆಳಗಿನ ಗಾಡಿ ಹೋದಾಗಿಂದ ಜಿನುಗಿದರೆ ಸಂಜೆ ಗಾಡಿ ಹೊತ್ತಿಗೆ ಒಂದು ಕೊಡ ಆಗ್ತದೆ. ಆ ಒಂದು ಕೊಡಕ್ಕೆ ನಾನು ಬಂದೆ.”

ಗುಂಪಿನವರು ಒಬ್ಬೊಬ್ಬರಾಗಿ ತಮ್ಮ ಬಾಟಲಿಗಳಲ್ಲಿ ಉಳಿದಿದ್ದನ್ನು ಅವಳ ಕೊಡಕ್ಕೆ ಸುರಿದರು. ಅದು ಕೊಡದ ತಳವನ್ನೂ ಮುಚ್ಚಲಿಲ್ಲ.

ವರ್ತಕ ಕೈ ಜೋಡಿಸಿದ. “ತಪ್ಪಾಯಿತು ತಾಯಿ. ಮುಂದಿನ ಭಾನುವಾರ ಬಂದು ಇದಕ್ಕೆ ಕಲ್ಲಿನ ಕಟ್ಟೆಯನ್ನೇ ಕಟ್ಟಿಸಿಕೊಡುತ್ತೇನೆ.”

ಆಗ ಮುದುಕಿ ಸ್ವಾಮಿ ಎನ್ನುವುದನ್ನು ಬಿಟ್ಟು ಏಕವಚನಕ್ಕೆ ಇಳಿದಳು.

“ಹೊಳೆ ನಡುವೆ ಕಟ್ಟೆಯಾ? ಮಳೆ ಬಂದ ದಿನ ಎಲ್ಲಿರ್ತದೋ ನಿನ್ನ ಕಟ್ಟೆ? ಅದಿರಲಿ, ಭಾನುವಾರದ ತನಕ ನನ್ನ ಮಗಳು ಬಾಯಿ ಒಣಗಿಸಿಕೊಂಡು ಕೂತಿರ್ಬೇಕಾ? ಕಟ್ಟೆ ಬೇಡ, ಗಿಟ್ಟೆ ಬೇಡ. ಈ ರಾಡೀನೆಲ್ಲ ಈಗ ಎತ್ತಿ ಹಾಕಿದರೆ ಬೆಳಗಾಗೋ ಹೊತ್ತಿಗೆ ತಿಳಿನೀರು ಬರ್ತದೆ. ಎಮ್ಮೆ ಬಾರದ ಹಾಗೆ ಒಬ್ಬರು ಇಲ್ಲಿ ಕಾಯಬೇಕು. ನಾನು ಮಗಳನ್ನು ಬಿಟ್ಟಿರೋ ಹಾಗಿಲ್ಲ, ಮನೇಲಿ ಇನ್ನೊಂದು ಆಳಿಲ್ಲ. ನೀನು ಕಾಯ್ತೀಯಾ?”

ಅಷ್ಟು ಹೊತ್ತಿಗೆ ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಆ ನಿಲ್ದಾಣದಲ್ಲಿ ಅದು ನಿಲ್ಲುವುದು ಒಂದೇ ನಿಮಿಷ. ಗುಂಪಿನವರು ಚೀಲ ಹೆಗಲಿಗೇರಿಸಿ ಓಡತೊಡಗಿದರು. ವರ್ತಕ ಒಮ್ಮೆ ಮುದುಕಿಯ ಕಡೆ ನೋಡಿದ, ಒಮ್ಮೆ ಸೇತುವೆಯ ಕಡೆ ನೋಡಿದ. “ನಾಳೆ ಬೆಳಗ್ಗೆ ಅಂಗಡಿ...” ಎಂದ. ಆಮೇಲೆ ಅವನೂ ಓಡಿದ.

ಮುದುಕಿ ಸ್ವಲ್ಪ ಹೊತ್ತು ಕರಟದಿಂದ ರಾಡಿ ಎತ್ತಿ ಹಾಕಿದಳು. ದಂಡೆಯ ಮೇಲಿಂದ ಕೂಸಿನ ಅಳು ಕೇಳಿಸಿತು. ಒರತೆಯನ್ನು ಹಾಗೇ ಬಿಟ್ಟು ಎದ್ದಳು. ಆ ದಿನ ಬಾಣಂತಿ ಉಪ್ಪುನೀರನ್ನೇ ಕುಡಿದಳು.

ಇತ್ತ ಗಾಡಿಯಲ್ಲಿ ವರ್ತಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮನಸ್ಸು ಕುದಿಯಿತು. ಎರಡು ನಿಲ್ದಾಣ ಕಳೆಯುವುದರೊಳಗೆ ಆ ಕುದಿಗೆ ಒಂದು ದಾರಿಯೂ ಸಿಕ್ಕಿತು. ಬಾಣಂತಿಗೆ ಕುಡಿಯಲು ಒಂದು ಕೊಡ ಸಿಹಿನೀರು ಒದಗಿಸಲಾಗದ ಸರ್ಕಾರ ಯಾತಕ್ಕೆ ಇರಬೇಕು ಎಂದು ಅವನು ಎದ್ದು ನಿಂತು ಕೇಳಿದ. ಹೌದು ಹೌದು ಎಂದರು ಎಲ್ಲರೂ. ಎದುರು ಸೀಟಿನ ಅಪರಿಚಿತರೂ ಹೌದು ಎಂದರು. ಅಲ್ಲೇ ಹಾಳೆ ತೆಗೆದು ಅರ್ಜಿ ಬರೆಯತೊಡಗಿದರು. ಬಹಳ ಖಾರವಾದ ಅರ್ಜಿ. ಕೊನೆಗೆ ಹಳ್ಳಿಯ ಹೆಸರು ಬರೆಯುವ ಜಾಗ ಬಂತು. ಒಬ್ಬರ ಮುಖ ಒಬ್ಬರು ನೋಡಿದರು. ನಿಲ್ದಾಣದ ಹೆಸರು ಗೊತ್ತಿತ್ತು, ಮುದುಕಿಯ ಹಳ್ಳಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವನಿಗೆ ತಿಳಿದಿರಲಿಲ್ಲ ಗುರುಗಳೇ. ತಿಳಿಯದೆ ಸಿಟ್ಟಾದ, ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. ಹಾಗೆಂದು ಸಿಟ್ಟೇ ತಪ್ಪೆಂದರೆ ಹೇಗೆ?” ಎಂದ.

“ಸಿಟ್ಟು ತಪ್ಪಲ್ಲಪ್ಪ,” ಎಂದರು ಗುರುಗಳು, “ಅದು ಸಂಜೆಯ ಗಾಡಿಗೆ ಹೊರಟುಹೋಯಿತಲ್ಲ, ಅದು ತಪ್ಪು.”