ಅಂಗೈಯಲ್ಲಿ ಹಿಡಿದ ತುತ್ತು

“ಗುರುಗಳೇ, ಪ್ರೀತಿಯಿಂದ ಕೊಟ್ಟ ತುತ್ತೂ ಕೆಡುಕು ಮಾಡೀತೇ?” ಎಂದು ಅಡವಯ್ಯ ಕೇಳಿದ.

ಪ್ರಶ್ನೆಯೇನೋ ದೊಡ್ಡದಾಗಿ ಕೇಳಿಸಿತು. ಅದರ ಹಿಂದೆ ಇದ್ದದ್ದು ಮಾತ್ರ ಸಣ್ಣದೊಂದು ಮುನಿಸು. ಆ ಮಧ್ಯಾಹ್ನ ಮಠದವರೆಲ್ಲ ಹೊಲದಲ್ಲಿ ಕಲ್ಲಿನ ಒಲೆ ಹೂಡಿ, ಬದನೆಕಾಯಿ ಸುಟ್ಟು, ಅಲ್ಲೇ ಸಾಲಾಗಿ ಕೂತು ಊಟ ಮಾಡಿದ್ದರು. ಅಡವಯ್ಯ ತನ್ನ ಎಲೆಯ ರೊಟ್ಟಿಗೆ ಈರುಳ್ಳಿ ಪಲ್ಯ ಇಟ್ಟು, ಮೇಲೆ ಬೆಳ್ಳುಳ್ಳಿ ಖಾರ ಸವರಿ ಮಠದ ನಾಯಿಗೆ ಹಾಕಲು ಹೊರಟಿದ್ದ. ಅಡುಗೆಯವರು ಓಡಿಬಂದು ಕೈ ತಡೆದು, ಹತ್ತು ಜನರ ಎದುರು ಗದರಿದ್ದರು. ತನ್ನ ಬಾಯಿಗೆ ರುಚಿಯಾದದ್ದನ್ನೇ ಕೊಡಹೊರಟದ್ದು ತಪ್ಪು ಹೇಗಾದೀತು ಎಂಬುದು ಅವನಿಗೆ ತಿಳಿಯಲಿಲ್ಲ. ಮುಖ ಊದಿಸಿಕೊಂಡೇ ಗುರುಗಳ ಬಳಿ ಬಂದಿದ್ದ.

ಗುರುಗಳು ಆ ಮುಖ ನೋಡಿ ನಕ್ಕರು. ಕೂರು ಎಂದರು. ಅವನು ಕೂತ ಮೇಲೆ ಕತೆ ತೆಗೆದರು.

ಒಬ್ಬ ಕುರಿಗಾರನಿದ್ದ. ಅವನ ಮಂದೆ ಕಾಯಲು ಒಂದು ನಾಯಿಯಿತ್ತು. ಅವನ ಮನೆತನದಲ್ಲಿ ನಾಯಿ ಸಾಕುವುದಕ್ಕೆ ಒಂದು ಕಟ್ಟುನಿಟ್ಟು. ಮರಿ ತಾಯಿಯ ಹಾಲು ಬಿಟ್ಟ ದಿನದಿಂದ ಅದರ ಊಟ ಯಜಮಾನನ ಅಂಗೈಯಲ್ಲೇ. ನೆಲಕ್ಕೆ ಬಿದ್ದದ್ದನ್ನು ಮೂಸಿದರೆ ಗದರಿಕೆ. ಬೇರೆಯವರು ಕೊಟ್ಟದ್ದಕ್ಕೆ ಬಾಯಿ ಹಾಕಿದರೆ ಅಂದಿಗೆ ಉಪವಾಸ. ಮಾಂಸದ ತುಂಡಿಗೆ ವಿಷ ಸವರಿ ಎಸೆದು, ನಾಯಿ ಸತ್ತ ಮೇಲೆ ಮಂದೆಗೆ ಕೈ ಹಾಕುವ ಕಳ್ಳರಿದ್ದರು. ಅವರಿಂದ ನಾಯಿಯ ಜೀವ ಉಳಿಯಲೆಂದು ಹಿರಿಯರು ಮಾಡಿಟ್ಟ ಏರ್ಪಾಡು ಅದು. ಹಾಗೆ ಬೆಳೆದ ನಾಯಿಗೆ ಲೋಕದಲ್ಲಿ ಒಂದೇ ಒಂದು ಕೈ ಗೊತ್ತಿತ್ತು. ದಿನವೂ ಆ ಕೈಯಿಂದ ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು ತಿಂದು ಅದು ಗಟ್ಟಿಮುಟ್ಟಾಗಿತ್ತು.

ಒಂದು ಸಲ ಹಾಡುಹಗಲೇ ಎರಡು ತೋಳಗಳು ಮಂದೆಗೆ ನುಗ್ಗಿದವು. ನಾಯಿ ಒಂದರ ಕುತ್ತಿಗೆ ಹಿಡಿದು ಬಿಡಲೇ ಇಲ್ಲ. ಇನ್ನೊಂದು ಓಡಿತು. ಒಂದು ಕುರಿಮರಿಯೂ ಹೋಗಲಿಲ್ಲ. ಕುರಿಗಾರನಿಗೆ ಹೆಮ್ಮೆಯೋ ಹೆಮ್ಮೆ. ಕಂಡಕಂಡವರನ್ನೆಲ್ಲ ನಿಲ್ಲಿಸಿ ಅದೇ ಮಾತು.

ಆ ವಾರವೇ ಉಣ್ಣೆ ಕತ್ತರಿಸುವ ಕೆಲಸ ಬಂತು. ಕತ್ತರಿ ಹಿಡಿದು ನೆಂಟರಿಷ್ಟರು ಸೇರಿದರು. ಮೂರು ದಿನ ಬಯಲಲ್ಲೇ ಅಡುಗೆ. ಕೆಂಡದ ಮೇಲೆ ಮಾಂಸ ಸುಟ್ಟರು, ಅದರ ಪಕ್ಕದಲ್ಲೇ ಬುಟ್ಟಿಗಟ್ಟಲೆ ಈರುಳ್ಳಿ ಸುಟ್ಟರು, ಬೆಳ್ಳುಳ್ಳಿ ಖಾರ ಅರೆದರು. ಕುರಿಗಾರನಿಗೆ ಮನಸ್ಸು ತಡೆಯಲಿಲ್ಲ. ತನ್ನ ಮಂದೆ ಉಳಿಸಿದ ಜೀವಕ್ಕೆ ನುಚ್ಚು ಹಾಕಿ ತಾನು ಔತಣ ಉಣ್ಣುವುದು ಯಾವ ನ್ಯಾಯ ಎಂದುಕೊಂಡ. ಮಾಂಸಕ್ಕೆ ಈರುಳ್ಳಿ, ಖಾರ ಎಲ್ಲ ಸೇರಿಸಿ ಕಲಸಿ, ನೆಂಟರಿಗಿಂತ ಮೊದಲು ನಾಯಿಗೆ ಅಂಗೈಯಲ್ಲಿ ತುತ್ತು ಹಿಡಿದ.

ನಾಯಿ ಮೂಸಿತು. ಮುಖ ತಿರುಗಿಸಿತು. ಕುರಿಗಾರ ನಕ್ಕು, ನಾಚಿಕೊಳ್ಳಬೇಡ ಎಂದು ಕೈಯನ್ನು ಇನ್ನಷ್ಟು ಹತ್ತಿರ ತಂದ. ನಾಯಿ ಅವನ ಮುಖ ನೋಡಿತು. ಆಮೇಲೆ ತಿಂದಿತು. ಮೂರು ದಿನವೂ ಹೀಗೆಯೇ ತಿಂದಿತು.

ಐದನೆಯ ದಿನ ನಾಯಿ ಏಳಲಿಲ್ಲ. ಒಸಡು ಬಿಳಿಚಿಕೊಂಡಿತ್ತು. ಮೂತ್ರ ಕೆಂಪಗಾಗಿತ್ತು. ಮಲಗಿದಲ್ಲೇ ಏದುಸಿರು ಬಿಡುತ್ತಿತ್ತು. ಯಾರೋ ವಿಷ ಹಾಕಿದರೆಂದು ಕುರಿಗಾರ ಊರಿಗೆ ಊರನ್ನೇ ಶಪಿಸಿದ. ದನಕರುಗಳಿಗೆ ಮದ್ದು ಕೊಡುವ ಮುದುಕಿಯೊಬ್ಬಳನ್ನು ಕೈಕಾಲು ಹಿಡಿದು ಕರೆತಂದ. ಅವಳು ನಾಯಿಯ ತುಟಿ ಎತ್ತಿ ನೋಡಿದಳು.

“ಏನ್ ಉಣಿಸಿದಿ ಇದಕ್ಕ?”

“ಬ್ಯಾರೆ ಏನೂ ಇಲ್ಲಬೇ. ನಾ ಉಂಡದ್ದನ್ನ ಉಣಿಸೀನಿ. ಮಾಂಸ, ಉಳ್ಳಾಗಡ್ಡಿ, ಬಳ್ಳೊಳ್ಳಿ ಖಾರ.”

“ಉಳ್ಳಾಗಡ್ಡಿ, ಬಳ್ಳೊಳ್ಳಿ ನಮಗ ರುಚಿ, ತಮ್ಮಾ. ನಾಯಿಗೆ ಅವು ರಕ್ತಾನ ಕೆಡಸ್ತಾವು. ಊರಾಗ ಯಾರನ್ನೂ ಬೈಬ್ಯಾಡ. ವಿಷ ಹಾಕಿದಾವ ನೀನ.”

ಕುರಿಗಾರ ಒಪ್ಪಲಿಲ್ಲ. “ಹರದಾರಿ ದೂರದ ತೋಳದ ವಾಸನಿ ಹಿಡಿಯೂ ನಾಯಿ ಇದು. ತನಗ ಆಗಿಬರದ್ದು ಅಂತ ಇದಕ್ಕ ತಿಳೀತಿರಲಿಲ್ಲೇನು?”

ಮುದುಕಿ ವಾದ ಮಾಡಲಿಲ್ಲ. ಬೂದಿಯಲ್ಲಿ ಬಿದ್ದಿದ್ದ ಸುಟ್ಟ ಈರುಳ್ಳಿಯ ಚೂರೊಂದನ್ನು ಹೆಕ್ಕಿ ಅವನ ಅಂಗೈಗೆ ಹಾಕಿ, ನಾಯಿಯ ಮುಂದೆ ಹಿಡಿ ಎಂದಳು.

ಅವನು ಹಿಡಿದ. ಕತ್ತು ಎತ್ತಲಾಗದ ನಾಯಿ ಮೂಗನ್ನಷ್ಟೇ ಅಲ್ಲಾಡಿಸಿತು. ವಾಸನೆ ತಾಗಿದ್ದೇ ತಡ, ಅದರ ಮೈ ನಡುಗಿತು. ಮೂತಿಯನ್ನು ಅತ್ತ ಸರಿಸಿತು. ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಕಣ್ಣೆತ್ತಿ ಯಜಮಾನನ ಮುಖ ನೋಡಿತು. ನೋಡಿ, ಮೂತಿಯನ್ನು ತಿರುಗಿ ಇತ್ತ ತಂದು, ಆ ಚೂರಿನ ಕಡೆಗೆ ಮೆಲ್ಲನೆ ನಾಲಗೆ ಚಾಚಿತು.

ಕುರಿಗಾರ ಮುಷ್ಟಿ ಬಿಗಿದುಕೊಂಡ. ಎಷ್ಟು ದೊಡ್ಡ ನಂಬಿಕೆಯೊಂದು ಇಷ್ಟು ದಿನ ತನ್ನ ಅಂಗೈಯಲ್ಲಿ ಬಂದು ಉಣ್ಣುತ್ತಿತ್ತು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ದೇವರ ಮುಂದೆ ನಿಂತಾಗ ಆಗಬೇಕಾದ ಭಯ ಅವನಿಗೆ ತನ್ನ ನಾಯಿಯ ಮುಂದೆ ಆಯಿತು. ಆ ಬಿಗಿದ ಮುಷ್ಟಿಯನ್ನೇ ನಾಯಿ ನೆಕ್ಕುತ್ತಿತ್ತು. ಅವನು ನೆಲಕ್ಕೆ ಕುಸಿದು ಅತ್ತ.

ಮುದುಕಿ ಹೇಳಿದಂತೆ ಅವನು ಹನಿಹನಿಯಾಗಿ ನೀರು ಕುಡಿಸಿದ, ತೆಳ್ಳನೆಯ ಗಂಜಿ ನೆಕ್ಕಿಸಿದ. ಹದಿನೈದು ದಿನ ನಾಯಿಯ ಪಕ್ಕ ಬಿಟ್ಟು ಏಳಲಿಲ್ಲ. ಕೊನೆಗೂ ನಾಯಿ ಎದ್ದು ನಿಂತಿತು. ಅದು ಮೊದಲಿನಂತೆಯೇ ಅವನ ಕೈಯಿಂದ ತಿನ್ನುತ್ತಿತ್ತು. ಅವನ ಕೈ ಮಾತ್ರ ಪ್ರತಿ ತುತ್ತಿಗೂ ಒಂದು ಗಳಿಗೆ ತಡೆಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನ ಮುನಿಸು ಯಾವಾಗಲೋ ಇಳಿದುಹೋಗಿತ್ತು. ಅಡುಗೆಯವರ ಗದರಿಕೆಯೂ ಈಗ ಅವನಿಗೆ ಸರಿಯೆನ್ನಿಸಿತ್ತು. ಆದರೆ ಒಂದು ಮಾತು ಅವನನ್ನು ಬಿಡಲೊಲ್ಲದು.

“ಕೊಟ್ಟವನ ತಪ್ಪು ತಿಳಿಯಿತು, ಗುರುಗಳೇ. ತನಗೆ ಆಗದ್ದೆಂದು ಗೊತ್ತಿದ್ದೂ, ಬರೀ ಮುಖ ನೋಡಿ ತಿಂದುಬಿಡುವಷ್ಟು ನಂಬಿಕೆ ಯಾರಿಗಾದರೂ ಇರುತ್ತದೆಯೇ?”

ಗುರುಗಳು ಅವನತ್ತ ತಿರುಗಿದರು.

“ನೀನೂ ಹಾಗೆಯೇ ನನ್ನ ಮುಖ ನೋಡಿ ನುಂಗುತ್ತೀಯ, ಅಡವಯ್ಯ, ಅದಕ್ಕೇ ನಿನಗೆ ಪಾಠ ಹೇಳಲು ಬಾಯಿ ತೆರೆಯುವಾಗಲೆಲ್ಲ ನನಗೆ ಭಯವಾಗುತ್ತದೆ.”