ಗೋದಲಿಯಲ್ಲಿ ಒಬ್ಬಟ್ಟು

"ನನ್ನ ಹಸು ಹುಲ್ಲನ್ನು ಮೂಸಿಯೂ ನೋಡುವುದಿಲ್ಲ!" ಎಂದು ಕಣಿವೆಕೋಟೆಯ ದೊರೆ ಬೊಮ್ಮಣ್ಣನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಕೆಂದಿಗೆ ಎರಡು ಹೊತ್ತೂ ತುಪ್ಪ ಸುರಿದ ಒಬ್ಬಟ್ಟು, ಬೆಲ್ಲದ ಪಾಯಸ. ನಾನೇ ಕೈಯಾರೆ ಗೋದಲಿಗೆ ಹಾಕಿ ತಿನ್ನಿಸುತ್ತೇನೆ. ಮೊದಲೆಲ್ಲ ಹಗಲಿಡೀ ಮೆಲುಕು ಹಾಕುತ್ತಿದ್ದಳು, ಈಗ ಅದನ್ನೂ ಬಿಟ್ಟಿದ್ದಾಳೆ. ಅರಮನೆಯ ಊಟ ತಿಂದು ನಡತೆ ಕಲಿತಳು!"

ಸಭೆ ಭೇಷ್ ಭೇಷ್ ಎಂದಿತು. ಆ ಸಭೆಗೆ ಬೇರೆ ಕೆಲಸವೂ ಇರಲಿಲ್ಲ.

ದೊರೆಯ ದನಿ ಗಡುಸಾಯಿತು. "ಆದರೆ ಹಾಲು ಮಾತ್ರ ಆರು ಸೇರಿನಿಂದ ಒಂದು ಸೇರಿಗೆ ಇಳಿದಿದೆ. ಇಷ್ಟು ತಿಂದ ಹಸು ಹಾಲು ಕೊಡದೆ ಇರುತ್ತದೆಯೆ? ಕರೆಯುವವಳೇ ಕದಿಯುತ್ತಿದ್ದಾಳೆ. ಈರಕ್ಕನನ್ನು ಊರು ಬಿಟ್ಟು ಓಡಿಸಿ!"

ಇಪ್ಪತ್ತು ವರ್ಷ ಅರಮನೆಯ ಕೊಟ್ಟಿಗೆಯಲ್ಲೇ ದುಡಿದ ಈರಕ್ಕ ಮುಂದೆ ಬಂದು ಕೈಮುಗಿದಳು. "ಬುದ್ಧೀ, ನನ್ ಮಕ್ಕಳಾಣೆ, ಒಂದು ತೊಟ್ಟೂ ಮುಟ್ಟಿಲ್ಲ. ಕೆಂದಿ ಹೊಟ್ಟೆ ಉಬ್ಬರಿಸ್ಕಂಡು ಮಲಗೈತೆ, ಸಗಣಿ ನೀರಾಗೈತೆ. ಹುಲ್ಲು ಹಾಕಾನ ಅಂದ್ರೆ ನೀವು ಬಿಡಾಕಿಲ್ಲ."

"ಕದ್ದದ್ದಲ್ಲದೆ ನನಗೇ ಹೇಳಿಕೊಡುತ್ತಾಳೆ, ನೋಡಿ!"

ಆಗ ಸಿಂಗಪ್ಪಯ್ಯ ಎದ್ದ. ಭೇಷ್ ಎನ್ನದೆಯೂ ಆ ಸಭೆಯಲ್ಲಿ ತಲೆ ಉಳಿಸಿಕೊಂಡಿದ್ದವನು ಅವನೊಬ್ಬನೇ.

"ಪ್ರಭು, ಹಾಲು ಕದ್ದವರನ್ನು ಈಗಲೇ ಹಿಡಿದುಕೊಡುತ್ತೇನೆ. ಶಿಕ್ಷೆ ಏನೆಂದು ಮೊದಲೇ ಅಪ್ಪಣೆಯಾಗಲಿ."

"ಯಾರೇ ಆಗಿರಲಿ, ಆ ಗೋದಲಿಯಲ್ಲಿ ಇರುವುದನ್ನೇ ಎಂಟು ದಿನ ತಿನ್ನಿಸುತ್ತೇನೆ!" ದೊರೆ ಗುಡುಗಿದ. ಸಿಟ್ಟಿನಲ್ಲಿ ಗೋದಲಿಯಲ್ಲಿ ಏನಿದೆಯೆಂಬುದೇ ಅವನಿಗೆ ಮರೆತುಹೋಗಿತ್ತು.

"ಹಾಗಾದರೆ ಕದ್ದದ್ದು ಒಬ್ಬಟ್ಟಿನ ತಟ್ಟೆ ಹಿಡಿದ ಕೈ, ಪ್ರಭು. ತಮ್ಮದೇ."

ದೊರೆಯ ಮುಖ ಕೆಂಪಾಯಿತು, ಮರುಕ್ಷಣ ಏನೋ ಹೊಳೆದು ಅವನು ಗಹಗಹಿಸಿ ನಕ್ಕ.

"ಎಂಟು ದಿನ ಒಬ್ಬಟ್ಟೇ? ಇದೂ ಒಂದು ಶಿಕ್ಷೆಯೇ! ಆಗಲಿ, ತಿಂದು ತೋರಿಸುತ್ತೇನೆ. ಒಂಬತ್ತನೆಯ ದಿನ ಈರಕ್ಕನ ಜೊತೆ ನೀನೂ ಗಂಟುಮೂಟೆ ಕಟ್ಟು."

"ಅಪ್ಪಣೆ. ಅಲ್ಲಿಯವರೆಗೆ ಕೆಂದಿಯ ಮೇವು ಈರಕ್ಕನ ಕೈಯಲ್ಲಿರಲಿ."

ಈರಕ್ಕ ಒಮ್ಮೆಲೇ ಹುಲ್ಲು ಸುರಿಯಲಿಲ್ಲ. ದಿನಕ್ಕಿಷ್ಟು ಸಿಹಿ ಕಡಿಮೆ ಮಾಡಿ, ದಿನಕ್ಕಿಷ್ಟು ರಾಗಿಹುಲ್ಲು ಹೆಚ್ಚಿಸಿದಳು.

ಮೊದಲ ದಿನ ದೊರೆ ಬೆರಳು ಚೀಪಿದ. ಎರಡನೆಯ ದಿನ, "ಒಂದು ಚೂರು ಉಪ್ಪಿನಕಾಯಿ?" ಎಂದ.

"ಗೋದಲಿಯಲ್ಲಿ ಉಪ್ಪಿನಕಾಯಿ ಇರಲಿಲ್ಲ, ಪ್ರಭು," ಎಂದ ಸಿಂಗಪ್ಪಯ್ಯ.

ಮೂರನೆಯ ದಿನ ಹುಳಿತೇಗು. ನಾಲ್ಕನೆಯ ದಿನ ನಡುಕಟ್ಟು ಬಿಚ್ಚಿಹಾಕಿದ. ಐದನೆಯ ದಿನ ಸಭೆಯೇ ಇಲ್ಲ. ದೊರೆ ಮಂಚದ ಮೇಲೆ ಮಗ್ಗುಲಾಗಿ ಬಿದ್ದು ನರಳುತ್ತಿದ್ದ.

"ಸಿಂಗಪ್ಪಯ್ಯ, ನಾನು ಸೋತೆ. ಒಂದು ಮುದ್ದೆ, ಒಂದಿಷ್ಟು ಸೊಪ್ಪಿನ ಸಾರು ಹಾಕಿಸೋ. ಹೊಟ್ಟೆ ಬಿರಿದು ಸಾಯುತ್ತೇನೆ!"

"ಪ್ರಭುಗಳಿಗೆ ಇರುವುದು ಒಂದೇ ಹೊಟ್ಟೆ," ಸಿಂಗಪ್ಪಯ್ಯ ಕೈಮುಗಿದ. "ಪಾಪ, ಕೆಂದಿಗೆ ನಾಲ್ಕು."

ದೊರೆ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ನೋವಿನಲ್ಲೇ ನಕ್ಕ. ಈರಕ್ಕನನ್ನು ಕರೆಸಿ, ಎಲ್ಲರೆದುರು ತನ್ನದೇ ತಪ್ಪೆಂದು ಒಪ್ಪಿಕೊಂಡು, ಕೈಬಳೆ ಬಿಚ್ಚಿ ಕೊಟ್ಟ. "ಇನ್ನು ಕೊಟ್ಟಿಗೆಯಲ್ಲಿ ನಿನ್ನ ಮಾತೇ ಅಪ್ಪಣೆ. ತಟ್ಟೆ ಹಿಡಿದು ಯಾರು ಬಂದರೂ ಬಾಗಿಲಲ್ಲೇ ತಡೆ. ನಾನು ಬಂದರೂ ಸರಿ."

ಈರಕ್ಕ ಕಣ್ಣೊರೆಸಿಕೊಂಡು ಮೂರು ಸೇರು ಹಾಲಿನ ತಂಬಿಗೆಯನ್ನು ಅವನ ಮುಂದಿಟ್ಟಳು.

ಅತ್ತ ಕೊಟ್ಟಿಗೆಯಲ್ಲಿ ಕೆಂದಿ ಕಲಿತ ನಡತೆಯನ್ನೆಲ್ಲ ಮರೆತು, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದಳು.