ಫಕೀರ್ಯಾ ಮಾಸ್ತರ ಆಗಿದ್ದು

ಕೇಳ್ರೆಪಾ ಕೇಳ್ರಿ, ನಗು ಬಂದ್ರ ನಗ್ರಿ, ಆದ್ರ ಹೊಳೆವ್ವನ ಮುಂದ ಮಾತ್ರ ನಗಬ್ಯಾಡ್ರಿ! ಹೊಳೆವ್ವಗ ಇದ್ದಾಂವ ಒಬ್ಬನ ಮಗ, ಫಕೀರ್ಯಾ. ಮೈ ಬೆಳದಿತ್ತು, ಮೀಸಿ ಬಂದಿತ್ತು, ಬುದ್ಧಿ ಮಾತ್ರ ಬರೋದು ಮರತಿತ್ತು. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದಕ್ಕ ಊರಾಗ ಯಾರೂ ಅವನ್ನ ಕೆಲಸಕ್ಕ ಇಟಗೋತಿರಲಿಲ್ಲ. "ನಾ ಸತ್ತ ಮ್ಯಾಲ ನಿನಗ ಯಾರು ರೊಟ್ಟಿ ಹಾಕ್ತಾರೋ ಹುಚ್ಚಪ್ಯಾಲಿ!" ಅಂತ ಹೊಳೆವ್ವ ಹಣಿ ಹಣಿ ಬಡಕೋತಿದ್ಲು.

ಹೊಳೆವ್ವ ಸಾಲ್ಯಾಗ ಬಿಸಿಯೂಟ ಮಾಡಾಕಿ. ಆ ವರ್ಷ ಒಂದನೆತ್ತೆಗೆ, ಅಂದ್ರ ಒಂದನೇ ಕ್ಲಾಸಿಗೆ, ಮಾಸ್ತರ ಇರಲಿಲ್ಲ. ಆಕಿ ಮಗನ್ನ ಕರಕೊಂಡು ಹೋಗಿ ಹೆಡ್ ಮಾಸ್ತರ ಚನ್ನಮಲ್ಲಪ್ಪನ ಕಾಲು ಹಿಡದ್ಲು.

"ಆತು ಬಿಡಬೇ," ಅಂದ್ರು ಮಾಸ್ತರು. "ಇನ್‌ಸ್ಪೆಕ್ಟರ್ ಸಾಹೇಬ್ರು ಬರೋದ್ರಾಗ ಹುಡುಗರು ಓದಾಕ ಕಲತ್ರ ಕೆಲಸ ಇವಂದು. ಇಲ್ಲಂದ್ರ ಮನಿ ದಾರಿ ಹಿಡೀಬೇಕು."

"ಹೆಂಗ ಕಲಿಸ್ಲಿ ಸರ?" ಅಂದ ಫಕೀರ್ಯಾ.

"ಸರಿ ಬರದ್ರ ಬೆಲ್ಲ ಕೊಡು. ತಾವ ಕಲೀತಾವ."

ಆತು! ಫಕೀರ್ಯಾ ಬೋರ್ಡಿನ ಮ್ಯಾಲ 'ಅ' ಬರದ. ರೇಣಿ ಅನ್ನೋ ಸಣ್ಣ ಹುಡುಗಿ ಪಾಟಿ ಮ್ಯಾಲ 'ಅ' ಬರದ್ಲು. ತಗೋ ಬೆಲ್ಲ! ಅಳಿಸಿ ಮತ್ತ ಬರದ್ಲು. ತಗೋ ಬೆಲ್ಲ! ಎಲ್ಲಾರೂ ಬರದ್ರು, ಎಲ್ಲಾರಿಗೂ ಬೆಲ್ಲ! "'ಆ' ಬರೀರಲೇ," ಅಂದ್ರ ಯಾರು ಕೇಳ್ತಾರ? 'ಅ' ಬರದ್ರ ಬೆಲ್ಲ ಐತಲ್ಲ! ಹೊಳೆವ್ವನ ಬೆಲ್ಲದ ಡಬ್ಬಿ ಖಾಲಿ, ಸಾಲಿ ಗ್ವಾಡಿ ತುಂಬ 'ಅ', ಹುಡುಗರ ಗಲ್ಲದ ತುಂಬ ನೊಣ.

"ಏ ಮಳ್ಳ!" ಅಂತ ಮಾಸ್ತರು ಒದರಿದ್ರು. "ಬೆಲ್ಲ ಬಂದ್ ಮಾಡು! ತಪ್ಪು ಮಾಡಿದವರನ್ನ ಮೂಲ್ಯಾಗ ನಿಂದ್ರಸು!"

ಆತು! ಒಬ್ಬಾಂವ ತಪ್ಪು ಓದಿದ, ಮೂಲಿಗೆ! ಒಬ್ಬಾಕಿ ಪಾಟಿ ಕೆಡವಿದ್ಲು, ಮೂಲಿಗೆ! ಪಂಚಾಯ್ತಿ ಅಧ್ಯಕ್ಷ ಅಂದಾನೆಪ್ಪ ಚಪ್ಪಲಿ ಹಾಕ್ಕೊಂಡ ಒಳಗ ಬಂದ. "ಅದು ತಪ್ಪ್ರೀ, ಮೂಲಿಗೆ!" ಹೊಳೆವ್ವ ಸಾರಿನ ಬೋಗುಣಿ ತಂದ್ಲು, ಫಕೀರ್ಯಾ ರುಚಿ ನೋಡಿದ. "ಉಪ್ಪು ಕಡಿಮಿ ಐತಿ ಯವ್ವಾ, ಮೂಲಿಗೆ!" ಸೌಟು ಹಿಡಕೊಂಡು ಹೊಳೆವ್ವ ಅಧ್ಯಕ್ಷನ ಮಗ್ಗಲಕ ನಿಂತ್ಲು. ಹುಡುಗರಂತೂ ತುಟಿ ಹೊಲಕೊಂಡ್ವು. ಬಾಯಿ ತಗದ್ರ ತಪ್ಪು, ತಗೀಲಿಲ್ಲಂದ್ರ ತಪ್ಪ ಇಲ್ಲ! ಅಲ್ಲಿಗೆ ಓದು ಬಂದ್ ಆತು.

"ನಿನ್ನ ಹೆತ್ತ ಹೊಟ್ಟಿಗೆ ಬೆಂಕಿ ಹಾಕ!" ಅಂದ್ಲು ಹೊಳೆವ್ವ ಮೂಲ್ಯಾಗಿಂದ.

ಮಾಸ್ತರು ಕೈ ಮುಗದ್ರು. "ಬೆಲ್ಲಾನೂ ಬ್ಯಾಡ, ಮೂಲೀನೂ ಬ್ಯಾಡ ಮಾರಾಯಾ! ಹುಡುಗರು ಕಂಡದ್ದನ್ನ ಮಾಡ್ತಾವ. ಅವು ಏನು ಮಾಡಬೇಕೋ ಅದನ್ನ ನೀ ಮಾಡಿ ತೋರಿಸು. ಬಾಯಿಲೆ ಏನೂ ಹೇಳಬ್ಯಾಡ!"

ಆತು! ಫಕೀರ್ಯಾ ಮೂಗು ತೋಳಿಗೆ ಒರಸಿದ, ಎಲ್ಲಾ ಒರಸಿದ್ವು. ಹೊಸ್ತಲಾ ಎಡವಿ ಬಿದ್ದ, ಒಂದೊಂದ ಬಂದು ಎಡವಿ ಬಿದ್ದು ಹೋದ್ವು. ಆಮ್ಯಾಲ ಅಂವ ಯೋಚನಿ ಮಾಡಿದ. ಹುಡುಗರು ಕಲೀಬೇಕು ಹೌದಲ್ಲೋ? ಹಂಗಾರ ನಾ ಕಲೀಬೇಕು! ಅವಗರ ಎಲ್ಲಿ ಅಕ್ಷರ ಪೂರಾ ಬರ್ತಿದ್ವು? ಪಾಟಿ ಹಿಡಕೊಂಡು ರೇಣಿ ಮಗ್ಗಲಕ ನೆಲಕ್ಕ ಕುಂತ. ನಾಲಗಿ ಹೊರಗ ಚಾಚಿ ಬರದ, ಸೊಟ್ಟಾತು. "ತಪ್ಪಾತು! ಮತ್ತ ಬರೀತೀನಿ!" ಅಂತ ಅಳಿಸಿದ. ಎಲ್ಲಾ ನಾಲಗಿ ಚಾಚಿದ್ವು, ಎಲ್ಲಾ ಬರದ್ವು, ಎಲ್ಲಾ ಒದರಿದ್ವು, "ತಪ್ಪಾತು! ಮತ್ತ ಬರೀತೀನಿ!" ದಿನಾ ಇದ ಗದ್ಲ, ಪುಸ್ತಕ ಹಿಡದು ಓದೋದೂ ಹಿಂಗ.

ಸಾಹೇಬ್ರ ಜೀಪು ಬಂದ ದಿನ ಹೊಳೆವ್ವ ನೋಡೋ ಧೈರ್ಯ ಇಲ್ಲದ, ಸಾಲಿ ಅಡಗಿಮನ್ಯಾಗ ಕಣ್ಣು ಮುಚ್ಚಿ ಕುಂತು ಬರೇ ಕಿವಿ ಕೊಟ್ಲು.

"ಮಾಸ್ತರ ಎಲ್ಲಿ?" ಅನ್ನೋ ಸಾಹೇಬ್ರ ದನಿ.

"ಇಲ್ಲೇ ಅದೀನ್ರಿ ಸರ!" ಫಕೀರ್ಯಾನ ದನಿ. ಹಿಂದ ಇಡೀ ಒಂದನೆತ್ತೆ, "ಇಲ್ಲೇ ಅದೀನ್ರಿ ಸರ!"

ಮುಗೀತು ಅಂದ್ಲು ಹೊಳೆವ್ವ. ಆದ್ರ ಆಮ್ಯಾಲ ರೇಣಿ ಓದೋದು ಕೇಳಿಸ್ತು. ಓದಿದ್ಲು, ತಡವರಿಸಿದ್ಲು, "ತಪ್ಪಾತು! ಮತ್ತ ಓದ್ತೀನಿ!" ಅಂದ್ಲು, ಪುಟ ಪೂರ್ತಿ ಓದಿ ಮುಗಿಸಿದ್ಲು. ಮತ್ತೊಬ್ಬ ಓದಿದ, ಮಗದೊಬ್ಬಾಕಿ ಓದಿದ್ಲು. ಯಾರೂ ಅಂಜಲಿಲ್ಲ, ಯಾರೂ ಬೆಲ್ಲ ಬೇಡಲಿಲ್ಲ.

"ಶಾಬಾಸ್!" ಅಂದ್ರು ಸಾಹೇಬ್ರು. "ಆಸೆ ಹಚ್ಚಿ ಕಲಿಸೋರನ್ನ ನೋಡೀನಿ, ಅಂಜಿಸಿ ಕಲಿಸೋರನ್ನ ನೋಡೀನಿ. ತಾನ ಕಲತು ತೋರಿಸೋನನ್ನ ಇವತ್ತ ನೋಡಿದೆ. ಕೆಲಸ ಇವಂದ!"

ಹೊಳೆವ್ವಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ. ಅತ್ಲು, ನಕ್ಲು, ಮಗಗ ಆರತಿ ಮಾಡಬೇಕಂತ ಹಿಂದಿನ ಬಾಗಲಲೆ ಮನಿಗೆ ಓಡಿದ್ಲು.

ಇತ್ಲಾಗ ಮಾಸ್ತರು ಫಕೀರ್ಯಾನ ಕಿವ್ಯಾಗ, "ಸಾಹೇಬ್ರನ್ನ ಜೀಪ್ ಹತ್ತಿಸಿ ಬಾರಲೇ," ಅಂದ್ರು. ಹತ್ತಿಸೋದು? ಬಾಯಿಲೆ ಹೇಳಂಗಿಲ್ಲಲ್ಲ, ಮಾಡಿ ತೋರಿಸಬೇಕು! ಫಕೀರ್ಯಾ ತಾನ ಹತ್ತಿ ಕುಂತ. ಅದನ್ನ ಕಂಡ ರೇಣಿ ಹತ್ತಿದ್ಲು, ಇಡೀ ಒಂದನೆತ್ತೆ ಹತ್ತಿತು. ತೂಕಡಿಸತಿದ್ದ ಡ್ರೈವರ್, ಜೀಪು ಜಗ್ಗಿದ್ದಕ್ಕ ಸಾಹೇಬ್ರು ಹತ್ತಿದ್ರಂತ ತಿಳದು ಹೊಂಟೇಬಿಟ್ಟ!

ಹೊಳೆವ್ವ ತಾಟು ಹಿಡಕೊಂಡು ಬಾಗಲಕ ಬಂದ್ರ ಏನು ನೋಡ್ತಾಳ? ಜೀಪಿನ್ಯಾಗ ಮಗ! ಹುಡುಗರು ಅಂಗಡಿ ಬೋರ್ಡ್ ಎಲ್ಲಾ ಒದರಿ ಓದಕೋತ ಹೊಂಟಾವ! ಊರಿಗೂರ ಹೊರಗ ಬಂದು ಚಪ್ಪಾಳಿ ಹೊಡದ್ರು. "ನನ್ನ ಮಗ! ನನ್ನ ಮಗ ಮಾಸ್ತರ ಆದ!" ಅಂತ ಆಕಿ ಕುಣದೇ ಕುಣದ್ಲು.

ಧೂಳಿನ್ಯಾಗ ಹಿಂದಿಂದ ಪ್ಯಾಂಟಿನಾಂವ ಒಬ್ಬ ಬೂಟು ಕೈಯಾಗ ಹಿಡಕೊಂಡು, ಏದುಸಿರು ಬಿಡಕೋತ ಓಡಿ ಬಂದ. ಹೊಳೆವ್ವಗ ಪಾಪ ಅನಸ್ತು.

"ಯಾವೂರಪ್ಪ ನಿಂದು? ನನ್ನ ಮಗನ ಹಂತ್ಯಾಕ ಕಲಿಯಾಕ ಬಂದೀಯೇನು? ಜಲ್ದಿ ಓಡು, ಹಿಂದ ಸ್ವಲ್ಪ ಜಾಗ ಐತಿ!"